ತವರಿಲ್ಲದ ಮದುವಿ

ಈ ಸಲ ಹಪ್ಪಳ-ಸಂಡಗಿ ಸುದ್ದಿ ಇಲ್ಲ, ಬಿಸಲು ಇನ್ನೂ ಸರಿಯಾಗಿ ಬಿದ್ದಿಲ್ಲ. ಬ್ಯಾರೆ ಒಂದು ಮಾತು ಮನಸಿನ್ಯಾಗ ಕೂತು ಕಾಡ್ಲಿಕ್ಕೆ ಹತ್ತೇದ, ಅದನ್ನ ಹೇಳಿಬಿಡ್ತೀನಿ.

ಮೊನ್ನೆ ನಮ್ಮ ಹೆಣ್ಮಕ್ಕಳ ಗುಂಪಿನ್ಯಾಗ ಯಾರೋ ಒಂದು ಹಳೇ ಮದುವಿ ಗೌನಿನ ಫೋಟೋ ಕಳಿಸಿದ್ರು. ಕೆಳಗ ಬರದಿತ್ತು: ಹಿಟ್ಲರನ ಕ್ಯಾಂಪಿನ್ಯಾಗ ಸಾಯೋದು ತಪ್ಪಿ ಉಳದ ಯಹೂದಿ ಹುಡುಗಿ ಒಬ್ಬಾಕಿ ಇಂಗ್ಲೀಷ್ ಸೈನಿಕನ್ನ ಲಗ್ನ ಆದ್ಲು, ಗೌನು ಹೊಲದದ್ದು ಸೈನ್ಯದ ಪ್ಯಾರಾಶೂಟ್ ಅರಿವಿಯಿಂದ. ಒಬ್ಬರು, "ರಾಜಕುಮಾರ ಬಂದು ಬಿಡಿಸ್ಕೊಂಡು ಹೋದಂಗ ಆತು ನೋಡ್ರಿ" ಅಂದ್ರು. ಇನ್ನೊಬ್ಬರು, ಅವರೂ ನಮ್ಮ ಹತ್ತರದವ್ರ, "ತನ್ನವ್ರೆಲ್ಲಾ ಸತ್ತು ವರ್ಷಾ ಆಗಿಲ್ಲ, ಮದುವಿಗೆ ಮನಸರೆ ಹೆಂಗ ಬಂತು?" ಅಂತ ಕೇಳಿದ್ರು. ಈ ಎರಡೂ ಮಾತು ನನಗ ಸರಿ ಅನಸ್ಲಿಲ್ಲ. ಅಲ್ಲೇ ಬರದ್ರ ಜಗಳ ಆದೀತು ಅಂತ ಸುಮ್ಮನಿದ್ದೆ. ಆಮ್ಯಾಲೆ ಮಗಳ ಕಡಿಂದ ಓದಿಸ್ಕೊಂಡೆ, ಅಕಿ ಮೊಬೈಲಿನ್ಯಾಗ ನೋಡಿದೆ, ಈಗ ಬರಿಲಿಕ್ಕೆ ಕೂತೀನಿ.

ಮೊದ್ಲು ಆ ಗೌನಿನಾಕಿ ಕತಿ. ಅಕಿ ಹೆಸರು ಗೇನಾ ಟರ್ಗೆಲ್. ಪೋಲಂಡಿನ ಕ್ರಾಕೋವ್ ಊರಾಕಿ, 1923ರಾಗ ಹುಟ್ಟಿದಾಕಿ, ಒಂಬತ್ತು ಮಕ್ಕಳೊಳಗ ಕಡೀ ಕೂಸು. ಪ್ಲಾಷೋವ್, ಆಶ್ವಿಟ್ಜ್, ಬೂಕೆನ್‌ವಾಲ್ಡ್ ಅಂತ ಒಂದಾದ ಮ್ಯಾಲೆ ಒಂದು ಕ್ಯಾಂಪು ದಾಟಿ, ತಾಯಿ ಕೂಡ ಬರ್ಗೆನ್-ಬೆಲ್ಸೆನ್‌ಗೆ ಬಂದು ಮುಟ್ಟಿದ್ಲು. 1945ರ ಏಪ್ರಿಲ್ 15ಕ್ಕ ಇಂಗ್ಲೀಷ್ ಸೈನ್ಯ ಆ ಕ್ಯಾಂಪಿನೊಳಗ ಹೋತು. ಹೂಳದ ಬಿದ್ದ ಹೆಣ ಸಾವಿರಗಟ್ಟಲೆ, ಜೀವ ಹಿಡಕೊಂಡು ಇದ್ದವ್ರು 60 ಸಾವಿರದಷ್ಟು, ಎಲ್ಲಾ ಕಡೆ ಟೈಫಸ್ ಜ್ವರ. ಗೇನಾ ಅಲ್ಲೇ ದವಾಖಾನಿಯೊಳಗ ರೋಗಿಗಳ ಸೇವಾ ಮಾಡ್ತಿದ್ಲು. ಸೈನ್ಯದ ಕೂಡ ಬಂದಾಂವ ನಾರ್ಮನ್ ಟರ್ಗೆಲ್, ಅಂವನೂ ಯಹೂದಿನ, ಲಂಡನ್ ಕಡಿಯಾಂವ. ಅಕಿನ್ನ ನೋಡಿದ, ಮನಸಿನ್ಯಾಗ ನಿಶ್ಚಯ ಮಾಡ್ಕೊಂಡಬಿಟ್ಟ.

ಒಂದಿನ ಅಧಿಕಾರಿಗಳು ಊಟ ಮಾಡೋ ಮನಿಗೆ ಅಕಿನ್ನ ಊಟಕ್ಕ ಕರದ. ಟೇಬಲ್ ಮ್ಯಾಲೆ ಬಿಳೇ ಅರಿವಿ ಹಾಸಿ ಹೂವು ಇಟ್ಟಿದ್ರಂತ. ಯಾರೋ ದೊಡ್ಡ ಮಂದಿ ಬರೋವ್ರಿದ್ದಾರೇನು ಅಂತ ಗೇನಾ ಕೇಳಿದ್ರ, ಇದು ನಮ್ಮ ನಿಶ್ಚಯದ ಊಟ ಅಂದನಂತ! ಅಕಿಗೆ ನಂಬಲಿಕ್ಕೇ ಆಗ್ಲಿಲ್ಲ. ಎಲ್ಲಾರೂ ಈ ಮಾತು ಕೇಳಿ "ಆಹಾ" ಅಂತಾರ. ನನಗ ಮಾತ್ರ ಸ್ವಲ್ಪ ಸಿಟ್ಟ ಬಂತು. ಕೇಳದ ನಿಶ್ಚಯ ಮಾಡೋದು ಅಂದ್ರೇನು? ಮುಂದ ಐವತ್ತು ವರ್ಷದ ತನಕ ಇಬ್ಬರೂ ಛಲೋತ್ನಂಗ ಬಾಳೇ ಮಾಡಿದ್ರು ಅನ್ನೋದು ಗೊತ್ತದ, ಹಂಗಂತ ಅವತ್ತಿನ ದಿನ ಅಕಿನ್ನ ಮೊದ್ಲು ಕೇಳಬಾರದಿತ್ತೇನು? ಇರ್ಲಿ. ಅಕ್ಟೋಬರ್ ತಿಂಗಳೊಳಗ ಜರ್ಮನಿಯ ಲ್ಯೂಬೆಕ್ ಊರಾಗ ಮದುವಿ ಆತು. ಮಾಡಿಸಿದವ್ರು ಲೆಸ್ಲಿ ಹಾರ್ಡ್‌ಮನ್ ಅನ್ನೋ ಇಂಗ್ಲೀಷ್ ಸೈನ್ಯದ ರಬ್ಬಿ, ಅಂದ್ರ ಯಹೂದಿ ಪುರೋಹಿತರು. ಬೆಲ್ಸೆನ್ನಿನ ಹೆಣ ಹೂಳೋ ಮುಂದ ಮಂತ್ರ ಹೇಳಿದವ್ರೂ ಅವರ. ಆ ಗೌನು ಈಗ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಾಗ ಅದ.

ಕ್ಯಾಂಪಿನಿಂದ ಹೊರಗ ಬಂದು ಮದುವಿ ತನಕ ಬರೇ ಆರು ತಿಂಗಳು. ಇನ್ನ ಸೂತಕದ ಪ್ರಶ್ನಿಗೆ ಬರೋಣು.

ಸೂತಕ ಹಿಡಿಯೋದಕ್ಕೂ ಮನಿ ಬೇಕ್ರಿ. ಇಂಥಾ ದಿನ ತೀರ್ಕೊಂಡ್ರು ಅಂತ ಗೊತ್ತಿರಬೇಕು, ಬಂದು ಮಾತಾಡಿಸೋವ್ರು ನಾಕು ಮಂದಿ ಇರಬೇಕು. ಯಹೂದಿಗಳೊಳಗೂ ಹಂಗ ಅದ: ಏಳು ದಿನ ಮನ್ಯಾಗ ಕೂಡೋದು, ನೆರಿಮನಿಯವ್ರು ಅಡಿಗಿ ಮಾಡಿ ತರೋದು, ತಂದಿ-ತಾಯಿ ಹೋದ್ರ ತಿಂಗಳಗಟ್ಟಲೆ ಪ್ರಾರ್ಥನಾ ಹೇಳೋದು, ಆಮ್ಯಾಲೆ ವರ್ಷಾ ವರ್ಷಾ ಅವರು ತೀರಿದ ತಿಥಿಗೆ ದೀಪ ಹಚ್ಚೋದು. ಈ ಹುಡುಗ್ಯಾರಿಗೆ ಅವ್ವ-ಅಪ್ಪ ಯಾವ ದಿನ ಹೋದ್ರು ಅನ್ನೋದ ಗೊತ್ತಿಲ್ಲ. ಗೋರಿ ಇಲ್ಲ. ಯಾವ ದಿನ ದೀಪ ಹಚ್ಚಬೇಕು? ಗೇನಾ ಮುಂದ ತನ್ನ ಕತಿ ಬರದಾಗ ಆ ಪುಸ್ತಕಕ್ಕ ಇಟ್ಟ ಹೆಸರ 'ಐ ಲೈಟ್ ಎ ಕ್ಯಾಂಡಲ್', ನಾನು ದೀಪಾ ಹಚ್ಚತೀನಿ ಅಂತ.

ಇನ್ನ ಊರಿಗೆ ಹೊಳ್ಳಿ ಹೋಗೋಣು ಅಂದ್ರ, ಮನಿಯೊಳಗ ಬ್ಯಾರೆಯವ್ರು ಬಂದು ಕೂತಾರ. ಯುದ್ಧ ಮುಗದು ವರ್ಷದ ಮ್ಯಾಲೆ, 1946ರ ಜುಲೈದಾಗ, ಪೋಲಂಡಿನ ಕಿಯೆಲ್ಸೆ ಊರಾಗ ಹೊಳ್ಳಿ ಬಂದ ಯಹೂದಿಗಳ ಮ್ಯಾಲೆ ಊರವ್ರು ಬಿದ್ದು 42 ಮಂದಿನ್ನ ಕೊಂದ್ರು. ಕ್ಯಾಂಪಿನ್ಯಾಗ ಉಳದವ್ರು ಊರಾಗ ಸತ್ರು! ಅಂಥಾದ್ರಾಗ "ವರ್ಷಾ ತಡೀಬೇಕಿತ್ತು" ಅಂತ ನಾವು ಚಹಾ ಕುಡಕೋತ ಹೇಳೋದು ಛಂದ ಅಲ್ಲ. ಬೆಲ್ಸೆನ್ ಹತ್ರನ ನಿರಾಶ್ರಿತರ ಕ್ಯಾಂಪು ಆತು, ಅಲ್ಲೇ ಮುಂದಿನ ಐದು ವರ್ಷದಾಗ ಎರಡು ಸಾವಿರದಷ್ಟು ಕೂಸು ಹುಟ್ಟಿದ್ವು. ದುಃಖ ಇಲ್ಲದ ಮದುವಿ ಆದ್ರು ಅಂತ ಯಾರೂ ಅನ್ಕೋಬ್ಯಾಡ್ರಿ. ಸಂಜೀಕ "ಊಟಾ ಮಾಡಿದಿ?" ಅಂತ ಕೇಳೋವ್ರು ಒಬ್ಬರರೆ ಇರ್ಲಿ ಅಂತ ಆದ್ರು.

ಈಗ "ರಾಜಕುಮಾರ" ಅನ್ನೋ ಮಾತಿಗೆ. ಇದಕ್ಕ ನಾನು ಇನ್ನೊಬ್ಬಾಕಿ ಕತಿ ಹೇಳಬೇಕು. ಗರ್ಡಾ ವೈಸ್‌ಮನ್ ಅಂತ, ಮದುವಿ ಆದಮ್ಯಾಲೆ ಗರ್ಡಾ ಕ್ಲೈನ್. ಇಕಿನೂ ಪೋಲಂಡಿನಾಕಿ, ಬಿಯೆಲ್ಸ್ಕೊ ಊರು. 1939ರಾಗ ಅಣ್ಣನ್ನ ಕರ್ಕೊಂಡು ಹೋದ್ರು. 1942ರ ಜೂನ್ ಕಡೀಗೆ ಒಂದಿನ ಅಪ್ಪನ್ನ, ಮರುದಿನ ಅವ್ವನ್ನ. ಇಬ್ಬರೂ ಆಶ್ವಿಟ್ಜ್‌ದಾಗ ಹೋದ್ರು. ಗರ್ಡಾ ಹದಿನೆಂಟು ವರ್ಷದಾಕಿ, ಗಟ್ಟಿ ಇದ್ದಾಳ ಅಂತ ನೇಯ್ಗಿ ಗಿರಣಿ ಕೆಲಸಕ್ಕ ಬ್ಯಾರೆ ಕ್ಯಾಂಪಿಗೆ ಹಾಕಿದ್ರು.

ಅಪ್ಪ ಹೋಗೋಕ್ಕಿಂತ ಮೊದ್ಲು ಒಂದು ಮಾತು ಹೇಳಿದ್ದ: ಹೊರಗ ಹೋಗೋ ಮುಂದ ಹಿಮದಾಗ ಹಾಕ್ಕೊಳ್ಳೋ ಬೂಟ ಹಾಕ್ಕೋ. ಜೂನ್ ತಿಂಗಳು, ಅಲ್ಲಿ ಬ್ಯಾಸಗಿ! ಹುಡುಗಿಗೆ ತಿಳೀಲಿಲ್ಲ, ಆದ್ರೂ ಹಾಕ್ಕೊಂಡ್ಲು. ಎರಡೂವರಿ ವರ್ಷ ಆದಮ್ಯಾಲೆ, 1945ರ ಜನವರಿಯೊಳಗ, ಸೈನ್ಯಗಳು ಹತ್ರ ಬಂದ್ವು ಅಂತ ಜರ್ಮನರು ಆ ಹೆಣ್ಮಕ್ಕಳನ್ನೆಲ್ಲಾ ಹಿಮದಾಗ ನಡಸಲಿಕ್ಕೆ ಸುರು ಮಾಡಿದ್ರು. 550 ಕಿಲೋಮೀಟರ್ ಮ್ಯಾಲೆ ಆತು ದಾರಿ. ಹೊರಟವ್ರು ಸಾವಿರಗಟ್ಟಲೆ, ಕಡೀಗೆ ಜೀವಂತ ಸಿಕ್ಕವ್ರು ನೂರಿಪ್ಪತ್ತರ ಆಸುಪಾಸು. ಬರೇಗಾಲಿನವ್ರ, ಕಟಗಿ ಚಪ್ಪಲಿಯವ್ರ ಬೆರಳ ಉದುರಿದ್ವು. ಗರ್ಡಾನ ಕಾಲು ಉಳದ್ವು. ಆ ಬೂಟಿನೊಳಗ ಮನಿಯವ್ರ ಫೋಟೋನೂ ಬಚ್ಚಿಟ್ಕೊಂಡಿದ್ಲು. ತವರಿನ ಬಳುವಳಿ ಅಂತ ನಾವು ಬೆಳ್ಳಿ ಸಮಯ, ಹಿತ್ತಾಳಿ ಕೊಡ ನೋಡತೀವಿ. ಇಕಿ ಬಳುವಳಿ ಅಪ್ಪನ ಮಾತಿನ ಒಂದು ಜೋಡು ಬೂಟು.

ದಾರಿಯೊಳಗ ಅಕಿ ಜೀವದ ಗೆಳತಿ ಇಲ್ಸೆ ಸತ್ಲು, ಬಿಡುಗಡೆಗೆ ಒಂದು ವಾರ ಇರೋ ಮುಂದ. ಈ ಇಲ್ಸೆ ಒಮ್ಮೆ ಕ್ಯಾಂಪಿನ್ಯಾಗ ಒಂದ ಒಂದು ರಾಸ್ಪ್‌ಬೆರಿ ಹಣ್ಣು ಸಿಕ್ಕಾಗ ದಿನಾಪೂರ್ತಿ ಕಿಸೆದಾಗ ಜ್ವಾಕಿ ಮಾಡಿ ಇಟ್ಕೊಂಡು, ಸಂಜೀಕ ಎಲಿ ಮ್ಯಾಲೆ ಇಟ್ಟು ಗರ್ಡಾಗ ಕೊಟ್ಟಿದ್ಲು. ಇದನ್ನ ಕೇಳಿದ ದಿನಾ ನನಗ ಊಟ ಸೇರ್ಲಿಲ್ಲ.

1945ರ ಮೇ 7. ಚೆಕ್ ದೇಶದ ವೊಲಾರಿ ಊರು. ಮರುದಿನ ಗರ್ಡಾಗ 21 ತುಂಬೋದಿತ್ತು. ತೂಕ 31 ಕಿಲೋ, ತಲಿಗೂದಲಾ ಬೆಳ್ಳಗಾಗಿದ್ವು. ಜೀಪಿನ್ಯಾಗ ಬಂದಾಂವ ಕರ್ಟ್ ಕ್ಲೈನ್ ಅನ್ನೋ ಅಮೆರಿಕನ್ ಲೆಫ್ಟಿನೆಂಟ್. ಅಕಿ ಮೊದ್ಲು ಹೇಳಿದ ಮಾತು ಏನು ಗೊತ್ತೇನು? ನಾವು ಯಹೂದಿಗಳು, ನಿಮಗ ಗೊತ್ತಿರ್ಲಿ ಅಂತ. ಆರು ವರ್ಷದಾಗ ಆ ಒಂದು ಶಬ್ದಕ್ಕ ಹೊಡತಾ ತಿಂದಾಕಿ, ಮೊದ್ಲ ಹೇಳಿಬಿಡೋಣು ಅನಸಿರಬೇಕು. ಅಂವಾ ಸ್ವಲ್ಪ ಹೊತ್ತು ಸುಮ್ಮ ನಿಂತು, ನಾನೂ ಯಹೂದಿನ ಅಂದ. ಆಮ್ಯಾಲೆ, ಒಳಗಿನ ಮಹಿಳೆಯರನ್ನ ತೋರಸ್ತೀರೇನು ಅಂತ ಮರ್ಯಾದಿಲೆ ಕೇಳಿ, ಬಾಗಲಾ ತಗದು, ಹಿಡಕೊಂಡು ನಿಂತು, ಅಕಿನ್ನ ಮುಂದ ಬಿಟ್ಟ. ಅಷ್ಟ. ಆ ಬಾಗಲಾ ಹಿಡದದ್ದನ್ನ ಅಕಿ ಸಾಯೋತನಕ ಹೇಳ್ಕೋತ ಬಂದ್ಲು. ಆ ಕ್ಷಣದಾಗ ತಾನು ಮತ್ತ ಮನಷ್ಯಾಳು ಆದೆ ಅನಸಿತಂತ.

ಇಲ್ಲಿ ತನಕ ಕೇಳಿದವ್ರು "ನೋಡ್ರಿ, ರಾಜಕುಮಾರನ" ಅಂತಾರ. ತಡೀರಿ. ಅವನ ಕತಿ ಕೇಳ್ರಿ.

ಕರ್ಟ್ ಹುಟ್ಟಿದ್ದು ಅಮೆರಿಕಾದಾಗ ಅಲ್ಲ, ಜರ್ಮನಿಯ ವಾಲ್‌ಡೋರ್ಫ್ ಅನ್ನೋ ಊರಾಗ. ಹಿಟ್ಲರನ ಕಾಟ ಸುರು ಆತು ಅಂತ ತಂದಿ-ತಾಯಿ ಮಕ್ಕಳನ್ನ ಮೊದ್ಲು ಅಮೆರಿಕಾಕ್ಕ ಕಳಿಸಿದ್ರು, ಅಂವಾ ಹೋಗಿದ್ದು 1937ರಾಗ, ಹದಿನೇಳು ವರ್ಷದ ಹುಡುಗ. ಬಫಲೋ ಊರಾಗ ದುಡಕೋತ, ಅವ್ವ-ಅಪ್ಪನ್ನ ಕರಸ್ಕೊಳ್ಳಲಿಕ್ಕೆ ವೀಸಾ ವೀಸಾ ಅಂತ ಅರ್ಜಿ ಹಾಕಿದ್ದ ಹಾಕಿದ್ದು. ಒಂದು ಕಾಗದ ಬರೋದ್ರಾಗ ಇನ್ನೊಂದು ನಿಯಮ. 1940ರ ಅಕ್ಟೋಬರದಾಗ ಅವರಿಬ್ಬರನ್ನೂ ಮನಿಯಿಂದ ಎಬ್ಬಿಸಿ ಫ್ರಾನ್ಸಿನ ಗುರ್ಸ್ ಕ್ಯಾಂಪಿಗೆ ಹಾಕಿದ್ರು, 1942ರಾಗ ಅಲ್ಲಿಂದ ಆಶ್ವಿಟ್ಜ್‌ಗೆ. ಮಗಗ ಅವರನ್ನ ಉಳಸ್ಕೊಳ್ಳಲಿಕ್ಕೆ ಆಗ್ಲಿಲ್ಲ.

ಅಂದ್ರ ಆ ಬಾಗಲದಾಗ ನಿಂತವ್ರು ಬಿಡಿಸಿದಾಂವ, ಬಿಡಿಸ್ಕೊಂಡಾಕಿ ಅಲ್ಲ. ಇಬ್ಬರೂ ಅನಾಥರು. ಇಬ್ಬರ ತಂದಿ-ತಾಯಿನೂ ಒಂದ ಜಾಗಾದಾಗ ಬೂದಿ ಆದವ್ರು. ಒಬ್ಬರ ಮೈ ಮ್ಯಾಲೆ ಸೈನ್ಯದ ಅಂಗಿ ಇತ್ತು, ಒಬ್ಬರ ಮೈ ಮ್ಯಾಲೆ ಹರಕ ಅರಿವಿ ಇತ್ತು, ಅಷ್ಟ ಫರಕು. ಅಂವಾ ಅಕಿನ್ನ ಎಬ್ಬಿಸಿದ ಖರೆ. ಆದ್ರ ಅಕಿನೂ ಅವನ್ನ ಎಬ್ಬಿಸ್ಯಾಳ. ನಾನು ಹೇಳಬೇಕು ಅಂದದ್ದು ಇದ. ಇಂಥಾ ಕತಿ ಬಂತಂದ್ರ ನಾವು ಗಂಡಿನ ಉಪಕಾರ ಅಳೀತೀವಿ, ಹೆಣ್ಣಿನ ಪಾಲು ಬಿಟ್ಟಬಿಡತೀವಿ.

ಹಂಗಂತ ಎಲ್ಲಾ ಸೈನಿಕರೂ ಕರ್ಟ್‌ನಂಥವ್ರು ಅಂತಲೂ ಅಲ್ಲ. ಒಬ್ಬರ ಕೈಯಾಗ ರೊಟ್ಟಿ, ಚಾಕ್ಲೇಟು, ಸಿಗರೇಟು. ಇನ್ನೊಬ್ಬರ ಕೈಯಾಗ ಏನೂ ಇಲ್ಲ. ಅಂಥಾ ಹೊತ್ತಿನ್ಯಾಗ "ಹೂಂ" ಅಂದದ್ದು ಮನಸಿನ ಹೂಂ ಏನು, ಹಸಿವಿಯ ಹೂಂ ಏನು? ತಾಯಿ ಇದ್ರ ಮೊದ್ಲು ಇದನ್ನ ಕೇಳತಿದ್ಲು. ಕೇಳೋವ್ರು ಇದ್ದಿದ್ದಿಲ್ಲ ಅನ್ನೋದ ಸಂಕಟ.

ಕೇಳೋವ್ರು ಇದ್ರು, ಆದ್ರ ಅವರು ಬ್ಯಾರೆ! ರಾಬಿನ್ ಜಡ್ ಅನ್ನೋ ಇತಿಹಾಸದ ಪ್ರಾಧ್ಯಾಪಕಿ ಈ ಹೆಣ್ಮಕ್ಕಳ ಮ್ಯಾಲೆ 2023ರಾಗ 'ಬಿಟ್ವೀನ್ ಟೂ ವರ್ಲ್ಡ್ಸ್' ಅಂತ ಪುಸ್ತಕಾ ಬರದಾರ. ಮಗಳು ಅದ್ರಾಗಿಂದು ಹೇಳಿದಾಗ ನಾನು ಬಾಯಿ ಮ್ಯಾಲೆ ಕೈ ಇಟ್ಕೊಂಡೆ. ಸೈನಿಕ ಲಗ್ನ ಆಗಬೇಕಂದ್ರ ಮ್ಯಾಲಿನ ಅಧಿಕಾರಿ ಪರವಾನಗಿ ಬೇಕು. ಹುಡುಗಿನ್ನ ಸೈನ್ಯದ ಪುರೋಹಿತರು ವಿಚಾರಣಿ ಮಾಡಬೇಕು, ಡಾಕ್ಟರು ತಪಾಸಣಿ ಮಾಡಬೇಕು. ಹುಟ್ಟಿದ ದಾಖಲಾತಿ ಎಲ್ಲೆ ಅದ? ಹುಟ್ಟಿದ ಊರು ಈಗ ಯಾವ ದೇಶದಾಗ ಅದ? ಮೊದ್ಲು ಮದುವಿ ಆಗಿದ್ದಿಲ್ಲ ಅನ್ನಲಿಕ್ಕೆ ಸಾಕ್ಷಿ ಯಾರು? ಸಾಕ್ಷಿ ಹೇಳೋವ್ರೆಲ್ಲಾ ಹೊಗಿ ಆಗಿ ಹೋಗ್ಯಾರ, ಆದ್ರೂ ಅಮೆರಿಕಾಕ್ಕ ಹೋಗೋ ಆಸೆಗೆ ಮದುವಿ ಆಗ್ತಾಳೇನು ಅಂತ ಸಂಶಯಾ ಅಕಿ ಮ್ಯಾಲೆನ. ಯುದ್ಧಕ್ಕಿಂತ ಮೊದ್ಲು ಲಗ್ನ ಆದವ್ರದ್ದು ಇನ್ನೂ ಕಠಿಣ. ಗಂಡ ಸತ್ತದ್ದನ್ನ ಕಂಡವ್ರು ಯಾರೂ ಇಲ್ಲ ಅಂದ್ರ ಯಹೂದಿ ಧರ್ಮದ ಪ್ರಕಾರ ಅಂಥಾಕಿ ಮತ್ತ ಮದುವಿ ಆಗೋಹಂಗಿಲ್ಲ. ಅಂಥಾಕಿಗೆ ಅಗುನಾ ಅಂತಾರ, ಸಂಕಲಿ ಬಿದ್ದಾಕಿ ಅಂತ. ಅವರ ಸಲುವಾಗಿ ರಬ್ಬಿಗಳು ಕೂತು ಒಬ್ಬೊಬ್ಬರ ಕತಿ ಕೇಳಿ, ಯಾರರೆ ಕಂಡವ್ರು ಸಿಗತಾರೇನು ಅಂತ ಹುಡುಕಿ, ಮದುವಿಗೆ ದಾರಿ ಮಾಡಿಕೊಟ್ರು. ಅದೊಂದು ದೊಡ್ಡ ಕೆಲಸಾ ಮಾಡ್ಯಾರ ಅವರು.

ಗರ್ಡಾಗೂ ಕಾಗದಪತ್ರದ ಕಾಟ ತಪ್ಪಲಿಲ್ಲ. ತಿಂಗಳಗಟ್ಟಲೆ ದವಾಖಾನಿಯೊಳಗಿದ್ಲು, ಕರ್ಟ್ ಬಂದು ಬಂದು ನೋಡತಿದ್ದ. 1945ರ ಸಪ್ಟೆಂಬರದಾಗ ಮಾತು ಆತು, ಅಂವಾ ಅಮೆರಿಕಾಕ್ಕ ಹೊಳ್ಳಿ ಹೋಗಬೇಕಾತು. ಅಕಿ ಜರ್ಮನಿಯೊಳಗ ಒಬ್ಬಾಕಿನ. ಮುಂದ ಒಂಬತ್ತು ತಿಂಗಳು ಬರೇ ಪತ್ರ. ಆ ಪತ್ರಾ ಎಲ್ಲಾ ಇಬ್ಬರೂ ಜೋಪಾನ ಇಟ್ಕೊಂಡು 2000ದಾಗ ಪುಸ್ತಕಾ ಮಾಡಿದ್ರು. ಸೈನಿಕರ ಹೆಂಡಂದ್ರನ್ನ ಅಮೆರಿಕಾದೊಳಗ ಬಿಡ್ರಿ ಅನ್ನೋ ಕಾಯದೆ ಬಂದದ್ದು 1945ರ ಡಿಸೆಂಬರ್ 28ಕ್ಕ, ಆದ್ರ ಅದು ಲಗ್ನ ಆದವ್ರಿಗೆ. ಲಗ್ನ ನಿಶ್ಚಯ ಆದವ್ರಿಗೆ ಕಾಯದೆ ಆಗಿದ್ದು 1946ರ ಜೂನ್ ಕಡೀಗೆ, ಅದೂ ಮೂರು ತಿಂಗಳೊಳಗ ಲಗ್ನ ಆಗ್ಲಿಲ್ಲಂದ್ರ ಹೊಳ್ಳಿ ಹೋಗು ಅಂತ. ಅಷ್ಟರೊಳಗ ಕರ್ಟ್ ತಾನ ಯುರೋಪಿಗೆ ಬಂದು, ಜೂನ್ 18ಕ್ಕ ಪ್ಯಾರಿಸ್‌ದಾಗ ಅಕಿನ್ನ ಲಗ್ನ ಆಗಿದ್ದ. ಆ ಕಾಯದೆಯೊಳಗ ಎಲ್ಲಾ ದೇಶದ್ದು ಸೇರಿ ಲಕ್ಷದ ಮ್ಯಾಲೆ ಹೆಂಡಂದ್ರು ಅಮೆರಿಕಾಕ್ಕ ಹೋದ್ರು, ಅದ್ರಾಗ ಇಂಥಾ ಯಹೂದಿ ಹೆಣ್ಮಕ್ಕಳು ಸಣ್ಣ ಪಾಲು. ಉಳದವ್ರಿಗೆ ತವರು ಅಂತ ಒಂದು ಇತ್ತು. ಅತ್ತಿ ಮನ್ಯಾಗ ಬ್ಯಾಸರ ಆದ್ರ ಕಾಗದಾ ಬರಿಲಿಕ್ಕೆ ಅವ್ವ ಇದ್ಲು. ಇವರಿಗೆ ಅದೂ ಇಲ್ಲ.

ಹೊಸಾ ದೇಶದಾಗ ಎಲ್ಲಾರೂ ಪ್ರೀತಿಲೇನ ಹೇಳಿದ್ರು, "ಆದದ್ದು ಆತು, ಮರತುಬಿಡವಾ." ಹೇಳಲಿಕ್ಕೆ ಹೋದ್ರ, ನಾವೂ ಯುದ್ಧದಾಗ ಸಕ್ಕರಿ ಇಲ್ಲದ ಕಷ್ಟಪಟ್ಟೀವಿ ಅಂತ ಮಾತು ತಿರುಗಿಸಿದ್ರು. ಇಂಗ್ಲಂಡ್, ಅಮೆರಿಕಾ ಎರಡೂ ಕಡೆ ಉಳದು ಬಂದವ್ರು ಇದನ್ನ ಮತ್ತ ಮತ್ತ ಹೇಳ್ಯಾರ. ಕೆಟ್ಟ ಮನಸಿನಿಂದ ಅಂದದ್ದಲ್ಲ, ಆದ್ರ ಕೆಟ್ಟದ್ದ ಆತು. ಗರ್ಡಾ ತನ್ನ ಕತಿ ಪುಸ್ತಕಾ ಮಾಡಿದ್ದು 1957ರಾಗ. ಗೇನಾಂದು ಬರಲಿಕ್ಕೆ 1987 ಆತು, ನಾಲ್ವತ್ತೆರಡು ವರ್ಷ! ಮದುವಿ ಆತು, ಮಕ್ಕಳಾದ್ವು, ಇನ್ನೇನು ದುಃಖ ಅಂತ ಮಂದಿ ಲೆಕ್ಕಾ ಮುಗಿಸಿಬಿಡ್ತಾರ. ಲೆಕ್ಕಾ ಎಲ್ಲಿ ಮುಗೀತದ? ಯಹೂದಿಗಳೊಳಗ ಮಕ್ಕಳಿಗೆ ತೀರಿಹೋದವ್ರ ಹೆಸರು ಇಡೋ ಪದ್ಧತಿ ಅದ. ಒಂದು ಕೂಸಿಗೆ ಹೆಸರು ಹುಡುಕೋ ಮುಂದ ಎಷ್ಟು ಮಂದಿ ಕಣ್ಮುಂದ ಬಂದು ನಿಂತಿರಬೇಕು, ಯಾರನ್ನ ಆರಸಬೇಕು, ಯಾರನ್ನ ಬಿಡಬೇಕು? ಬಾಣಂತನಕ್ಕ ಅವ್ವ ಇಲ್ಲ. ಅವ್ವನ ಕೈರುಚಿ ಹೆಂಗಿತ್ತು ಅಂತ ಕೇಳಲಿಕ್ಕೆ ಅಕ್ಕ ಇಲ್ಲ. ಒಣಗಿದ ಬ್ರೆಡ್ಡಿನ ತುಂಡು ಒಂದೂ ಚೆಲ್ಲತಿದ್ದಿಲ್ಲ ಅಂತ ಇಂಥವ್ರ ಮಕ್ಕಳು ಎಷ್ಟೋ ಮಂದಿ ಹೇಳ್ಯಾರ. ಎಲ್ಲಾ ದುಃಖಕ್ಕೂ ಮದುವಿನ ಮದ್ದು ಅನ್ನೋವ್ರಿಗೆ ಇದನ್ನ ತೋರಸಬೇಕು.

ಹಾಂ, ಗರ್ಡಾಗ ಒಂದು ಅನುಕೂಲ ಇತ್ತು. ಮನ್ಯಾಗಿನವಗ ಬಿಡಿಸಿ ಹೇಳೋ ಕೆಲಸಾ ಇದ್ದಿದ್ದಿಲ್ಲ. ರಾತ್ರಿ ಎಚ್ಚರಾಗಿ ಕೂತ್ರ ಯಾಕ ಅಂತ ಅವಗ ಗೊತ್ತಿತ್ತು.

ಅಕಿ ಮ್ಯಾಲೆ ಮಾಡಿದ 'ಒನ್ ಸರ್ವೈವರ್ ರಿಮೆಂಬರ್ಸ್' ಅನ್ನೋ ಸಿನಿಮಾಕ್ಕ 1996ರಾಗ ಆಸ್ಕರ್ ಬಂತು. ಸ್ಟೇಜ್ ಮ್ಯಾಲೆ ಮಾಡಿದವ್ರ ಮಾತು ಮುಗದು ವಾದ್ಯ ಸುರು ಆದ್ರೂ ಗರ್ಡಾ ಅಲ್ಲೇ ನಿಂತ್ಲು, ಸರೀಲಿಲ್ಲ. ಆಮ್ಯಾಲೆ ಎರಡ ಮಾತು ಆಡಿದ್ಲು. ಕ್ಯಾಂಪಿನ್ಯಾಗ ಗೆಲ್ಲೋದಂದ್ರ ಒಂದು ತುಂಡು ಬ್ರೆಡ್ಡು, ಇನ್ನೊಂದು ದಿನ ಬದುಕಿರೋದು ಅಷ್ಟ ಆಗಿತ್ತು ಅಂದ್ಲು. ಮನ್ಯಾಗ ಏನೂ ಆಗದ ಬ್ಯಾಸರದ ಒಂದು ಸಂಜಿ ಇರ್ತದಲ್ಲ, ಅದ್ರ ಸುಖ ಕಾಣದ ಹೋದವ್ರನ್ನ ನೆನಿಸಿದ್ಲು. ಬಣ್ಣದ ಅರಿವಿ, ವಜ್ರಾ ಹಾಕ್ಕೊಂಡು ಕೂತ ಮಂದಿ ಮುಂದ ಆಡಿದ ಮಾತು ಇವು.

ಬ್ಯಾಸರದ ಸಂಜಿ! ನಾವು ದಿನಾ ಬೈಕೋತೀವಲ್ಲ, ಅದ ಅನ್ನಾ, ಅದ ಸಾರು, ಅಂವಾ ಪೇಪರ್ ಹಿಡಕೊಂಡು ಕೂತಿರ್ತಾನ, ಮಾತಿಲ್ಲ ಕತಿಯಿಲ್ಲ ಅಂತ. ಕ್ಯಾಂಪಿನ್ಯಾಗಿದ್ದಾಗ ಅಕಿ ಮನಸಿನ್ಯಾಗ ಅದನ್ನ ಕಟ್ಟಿಕೋತಿದ್ಲಂತ: ಅವ್ವ ಹೊಲೀಲಿಕ್ಕೆ ಹತ್ತಾಳ, ಅಪ್ಪ ಪೈಪು ಸೇದಕೋತ ಪೇಪರ್ ಓದ್ತಾನ, ತಾನೂ ಅಣ್ಣನೂ ಅಭ್ಯಾಸ ಮಾಡ್ತಾರ. ಮುಂದ ಒಂದು ಪುಸ್ತಕಕ್ಕ ಅದ ಹೆಸರಿಟ್ಲು. ನೀವು ಪ್ಯಾರಾಶೂಟಿನ ಗೌನು ನೋಡಿದ್ರಿ, ಅದು ಒಂದು ದಿನದ್ದು. ಇವರು ಕಟ್ಟಿದ್ದು ಅದಾದ ಮರುದಿನದಿಂದ: ಐವತ್ತೈದು ವರ್ಷದ ಮ್ಯಾಲೆ ಬಾಳೇ, ಮೂರು ಮಕ್ಕಳು, ಎಂಟು ಮೊಮ್ಮಕ್ಕಳು, ಸಾವಿರಾರು ಅಡಿಗಿ. ಕರ್ಟ್ 2002ರಾಗ ಹೋದ. ಅಕಿ 2022ರ ಏಪ್ರಿಲ್ ತನಕ ಇದ್ಲು, ಶಾಲಿ ಶಾಲಿಗೆ ಹೋಗಿ ಮಕ್ಕಳಿಗೆ ಕತಿ ಹೇಳಿದ್ಲು. ಗೇನಾನೂ ಹಂಗ, 2018ರಾಗ ಹೋಗೋತನಕ.

ಆ ಸಿನಿಮಾ ಬರೇ 40 ನಿಮಿಷದ್ದು ಅದ. ಮಧ್ಯಾಹ್ನ ಊಟ ಆಗಿ ಭಾಂಡಿ ತಿಕ್ಕಿದ ಮ್ಯಾಲೆ ನಮ್ಮ ಮನಿಗೆ ಬರ್ರಿ, ಮಗಳ ಮೊಬೈಲ್ ಟಿವಿಗೆ ಹಚ್ಚಿ ನೋಡೋಣು. ಇಂಗ್ಲೀಷ್ ತಿಳೀದವ್ರಿಗೆ ನಾನು ಪಕ್ಕದಾಗ ಕೂತು ಹೇಳ್ತೀನಿ. ಸೂತಕದ ಮಾತು ಅಂದವ್ರು ಮೊದ್ಲು ಬರ್ರಿ, ನಿಮ್ಮ ಸಲುವಾಗಿ ಅವಲಕ್ಕಿ ಹಚ್ಚಿರ್ತೀನಿ.